ಕೇಳಿ ಕೇಳಿ ಹಳೆಯದಾದ ಸದ್ದು

ಕೇಳುಗರೇ, ನಮಸ್ಕಾರ.

ಸಣ್ಣ ಪೆಟ್ಟಿಗೆಯೊಳಗೆ ಒಂದು ಇಲಿ. ಕಾಲಡಿ ಲೋಹದ ಸರಳುಗಳು. 'ಪೀ' ಅಂತ ಒಂದು ಸದ್ದು ಬರುತ್ತದೆ. ಸದ್ದು ನಿಲ್ಲುವ ಹೊತ್ತಿಗೆ ಕಾಲಿಗೆ ಚುರುಕ್ ಅಂತ ಸಣ್ಣ ಶಾಕ್. ಎರಡು ಮೂರು ಸಲ ಹೀಗಾದರೆ ಸಾಕು. ಮಾರನೆಯ ದಿನ ಶಾಕ್ ಇಲ್ಲದೆ ಬರೀ ಸದ್ದು ಕೇಳಿಸಿದರೂ ಇಲಿ ಇದ್ದಲ್ಲೇ ಮರಗಟ್ಟಿ ನಿಲ್ಲುತ್ತದೆ. ಓಡುವುದಿಲ್ಲ, ಮೂಸುವುದಿಲ್ಲ. ಉಸಿರಿಗೆ ಪಕ್ಕೆ ಏರಿಳಿಯುವುದಷ್ಟೇ ಕಾಣುತ್ತದೆ. ಹುಟ್ಟಿನಿಂದ ಬಂದದ್ದಲ್ಲ ಇದು, ಕಲಿತ ಹೆದರಿಕೆ.

ಈಗ ಇನ್ನೊಂದು ಇಲಿ. ಇದಕ್ಕೆ ಮೊದಲೇ ಆ ಸದ್ದನ್ನು ಸುಮ್ನೆ ಹತ್ತಾರು ಸಲ ಕೇಳಿಸಿರುತ್ತಾರೆ. ಶಾಕ್ ಇಲ್ಲ, ತಿಂಡಿ ಇಲ್ಲ, ಏನೂ ಇಲ್ಲ. ಆಮೇಲೆ ಅದೇ ಸದ್ದಿನ ಜೊತೆ ಶಾಕ್ ಕೊಟ್ಟರೂ ಈ ಇಲಿಗೆ ಹೆದರಿಕೆ ಅಷ್ಟು ಬೇಗ ಹತ್ತುವುದಿಲ್ಲ. 'ಅಯ್ಯೋ, ಇದು ದಿನಾ ಕೂಗೋದೇ' ಅಂತ ಅದರ ಲೆಕ್ಕ ಅಂತಿಟ್ಟುಕೊಳ್ಳಿ. 1959ರಲ್ಲಿ ಲೂಬೋ ಮತ್ತು ಮೂರ್ ಎಂಬ ಇಬ್ಬರು ಕುರಿ, ಆಡುಗಳಲ್ಲಿ ಇಂಥದ್ದನ್ನು ತೋರಿಸಿದರು. ಇದಕ್ಕೆ ಲೇಟೆಂಟ್ ಇನ್ಹಿಬಿಷನ್ ಅಂತ ಹೆಸರು. ಹೆಸರು ಭಾರ, ವಿಷಯ ಹಗುರ: ಏನೂ ಆಗದೆ ಹಳೆಯದಾದದ್ದು ಅಪಾಯದ ಗುರುತಾಗಲು ತಡವಾಗುತ್ತದೆ.

ಕೋತಿಗಳಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ಸಂಗತಿ ಕಾಣುತ್ತದೆ. ಪ್ರಯೋಗಾಲಯದಲ್ಲೇ ಬೆಳೆದ ರೀಸಸ್ ಕೋತಿಗೆ ಹಾವು ಅಂದರೆ ಸಾಮಾನ್ಯವಾಗಿ ಭಯವಿಲ್ಲ. ಆದರೆ ಇನ್ನೊಂದು ಕೋತಿ ಹಾವು ಕಂಡು ಕಿರುಚುವುದನ್ನು ನೋಡಿದರೆ ತಾನೂ ಹೆದರಲು ಕಲಿಯುತ್ತದೆ. ಸೂಸನ್ ಮಿನೇಕಾ ಮತ್ತು ಮೈಕಲ್ ಕುಕ್ 1986ರಲ್ಲಿ ಕ್ರಮ ಬದಲಿಸಿ ನೋಡಿದರು. ಹಾವಿನ ಪಕ್ಕದಲ್ಲಿ ಆರಾಮಾಗಿ ಕೂತ ಕೋತಿಯನ್ನು ಮೊದಲು ತೋರಿಸಿದರು, ಹೆದರಿದ ಕೋತಿಯನ್ನು ಆಮೇಲೆ. ಹೀಗೆ ನೋಡಿದವುಗಳಲ್ಲಿ ಹೆಚ್ಚಿನವಕ್ಕೆ ಹಾವಿನ ಭಯ ಅಂಟಲೇ ಇಲ್ಲ. ಲಸಿಕೆ ಹಾಕಿದ ಹಾಗೆ, ಅಲ್ವಾ?

ಹಾಗಾದರೆ ಪರಿಚಯವಾದದ್ದಕ್ಕೆಲ್ಲ ಹೆದರಿಕೆ ಕಡಿಮೆಯೇ? ಇಲ್ಲ. ನನಗೆ ತುಂಬಾ ಇಷ್ಟವಾದ ಭಾಗ ಇದು.

ಇಲಿಯನ್ನು ಹೊಸ ಪೆಟ್ಟಿಗೆಗೆ ಇಳಿಸಿದ ಕ್ಷಣದಲ್ಲೇ ಶಾಕ್ ಕೊಟ್ಟು ಎತ್ತಿಬಿಡಿ. ಮರುದಿನ ಅದೇ ಪೆಟ್ಟಿಗೆಗೆ ಬಿಟ್ಟರೆ ಏನೂ ನಡೆದೇ ಇಲ್ಲ ಎಂಬಂತೆ ಓಡಾಡುತ್ತದೆ. ಆದರೆ ಹಿಂದಿನ ದಿನ ಕೆಲವು ನಿಮಿಷ ಅಲ್ಲಿ ಮೂಲೆ ಮೂಲೆ ಮೂಸಿಕೊಂಡು ತಿರುಗಲು ಬಿಟ್ಟಿದ್ದರೆ? ಆಗ ಅದೇ ಒಂದು ಶಾಕ್ ಸಾಕು, ಆ ಜಾಗ ಕಂಡರೇ ಮರಗಟ್ಟುತ್ತದೆ. ಇಲ್ಲಿ ಪರಿಚಯವೇ ಹೆದರಿಕೆಗೆ ದಾರಿ ಮಾಡಿಕೊಟ್ಟಿತು. ಯಾಕೆ? ಮೈಕಲ್ ಫ್ಯಾನ್ಸೆಲೋ ಮತ್ತಿತರರು ಕೊಡುವ ವಿವರಣೆ ಹೀಗಿದೆ. ಸದ್ದು ಒಂದೇ ಏಟಿಗೆ ಕಿವಿಗೆ ಸಿಗುವ ವಸ್ತು. ಜಾಗ ಹಾಗಲ್ಲ. ಗೋಡೆ, ವಾಸನೆ, ಬೆಳಕು ಎಲ್ಲ ಸೇರಿ ತಲೆಯಲ್ಲಿ ಒಂದು ಚಿತ್ರವಾಗಬೇಕು. ಮಿದುಳಿನ ಹಿಪೋಕ್ಯಾಂಪಸ್ ಈ ಚಿತ್ರ ಕಟ್ಟಲು ಸ್ವಲ್ಪ ಹೊತ್ತು ಬೇಕು. ಚಿತ್ರವೇ ಇಲ್ಲದಿದ್ದರೆ ಹೆದರಿಕೆಯನ್ನು ಯಾವುದಕ್ಕೆ ಅಂಟಿಸುವುದು? ಹಾಗಂತ ದಿನಗಟ್ಟಲೆ ಅಲ್ಲೇ ಆರಾಮಾಗಿ ಇಟ್ಟರೆ ಜಾಗವೂ ಆ ಸದ್ದಿನಂತೆ ಹಳೆಯದಾಗುತ್ತದೆ.

ಇದೆಲ್ಲ ನನಗೆ ಗೊತ್ತಾಗುವ ಮೊದಲು ನಾನೊಂದು ತಪ್ಪು ಮಾಡಿದ್ದೆ. ನನ್ನ ನಾಯಿಮರಿಯನ್ನು ಮೊದಲ ಸಲ ಡಾಕ್ಟರ ಬಳಿ ಒಯ್ದದ್ದೇ ಇಂಜೆಕ್ಷನ್‌ಗೆ. ಅದೂ ಒಂದು ಗಂಟೆ ಕಾಯಿಸಿ. ಸ್ಪಿರಿಟ್ ವಾಸನೆ, ನುಣುಪು ಮೇಜು, ಎಲ್ಲ ಚೆನ್ನಾಗಿ ಮನಸ್ಸಿಗಿಳಿದ ಮೇಲೆ ಸೂಜಿ! ಆಮೇಲೆ ತಿಂಗಳುಗಟ್ಟಲೆ ಅದನ್ನು ಸುಮ್ನೆ ಅಲ್ಲಿಗೆ ಕರೆದುಕೊಂಡು ಹೋಗಿ ಬಂದೆ. ಭಯ ಇಳಿಯಿತು ಅಂದುಕೊಂಡೆ. ಡಾಕ್ಟರು ಬೇರೆ ಕಟ್ಟಡಕ್ಕೆ ಹೋದರು ನೋಡಿ, ಬಾಗಿಲಲ್ಲಿ ಆ ವಾಸನೆ ಬಂದದ್ದೇ ತಡ, ಬಾಲ ಮತ್ತೆ ಕಾಲೊಳಗೆ. ಇಲಿಗಳಲ್ಲೂ ಹೀಗೇ. ಒಂದು ಜಾಗದಲ್ಲಿ ಇಳಿಸಿದ ಹೆದರಿಕೆ ಇನ್ನೊಂದು ಜಾಗದಲ್ಲಿ ಮತ್ತೆ ತಲೆ ಎತ್ತಬಹುದು. ಆಮೇಲಿನ ಪರಿಚಯ ಹಳೆಯ ಪಾಠವನ್ನು ಅಳಿಸುವುದಿಲ್ಲ, ಅದರ ಮೇಲೊಂದು ಹೊಸ ಪಾಠ ಬರೆಯುತ್ತದೆ, ಅಷ್ಟೇ.

ಎರಡನೆಯ ಮರಿ ಬಂದಾಗ ಮೊದಲ ಮೂರು ಸಲ ಸೂಜಿಯ ಮಾತೇ ಇಲ್ಲ. ಹೋದೆವು, ತೂಕ ನೋಡಿದೆವು, ಬಂದೆವು. ನಾಲ್ಕನೆಯ ಸಲ ಚುಚ್ಚಿದಾಗ ಕುಂಯ್ ಅಂದಿತು. ಮುಂದಿನ ತಿಂಗಳು ನನಗಿಂತ ಮುಂಚೆ ಅದೇ ಒಳಗೆ ನುಗ್ಗಿ, ತೂಕದ ಯಂತ್ರದ ಮೇಲೆ ಹೋಗಿ ಕೂತಿತು.