ಹಳದಿ ಚೀಲದಲ್ಲಿ ಏನಿದೆ ಅಂತ ಮೊದಲು ಕೇಳೋಣ

ಹಿರಿಯರೇ, ಅಕ್ಕಂದಿರೇ, ಅಣ್ಣಂದಿರೇ, ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರಿಗೂ ಕೇಳಿಸ್ತಿದೆ ಅಲ್ವಾ?

ಆಸ್ಪತ್ರೆ ಕಸ ಸುಡುವ ಘಟಕ ನಮ್ಮ ಗುಡ್ಡದ ಬುಡಕ್ಕೆ ಬರುತ್ತದೆ ಎಂಬ ಸುದ್ದಿ ಬಂದಾಗಿನಿಂದ ಊರು ಎರಡು ಪಾಲಾಗಿದೆ. ಬೇಡವೇ ಬೇಡ ಅನ್ನುವವರು ಒಂದು ಕಡೆ. ನಾಲ್ಕು ಹುಡುಗರಿಗೆ ಕೆಲಸ ಸಿಗುತ್ತದೆ, ಬರಲಿ ಬಿಡಿ ಅನ್ನುವವರು ಇನ್ನೊಂದು ಕಡೆ. ನಾನು 22 ವರ್ಷ ಆಸ್ಪತ್ರೆ ಲ್ಯಾಬಿನಲ್ಲಿ ದುಡಿದವನು. ಆ ಕಸವನ್ನು ದಿನಾ ನೋಡಿದವನು. ಅದಕ್ಕೇ ಇವತ್ತು ಚಿಮಣಿಯ ಮಾತಿಗಿಂತ ಮೊದಲು ಚೀಲದ ಮಾತಾಡುತ್ತೇನೆ.

2016ರಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತು. ಅದರ ಪ್ರಕಾರ ಆಸ್ಪತ್ರೆ ಕಸಕ್ಕೆ ನಾಲ್ಕು ಬಣ್ಣ. ಹೆರಿಗೆಯ ಮಾಸು, ಆಪರೇಷನ್‌ನಲ್ಲಿ ತೆಗೆದ ಭಾಗ, ರಕ್ತ ಹತ್ತಿದ ಹತ್ತಿ, ಬ್ಯಾಂಡೇಜ್, ಅವಧಿ ಮುಗಿದ ಔಷಧಿ, ಇವೆಲ್ಲ ಹಳದಿ ಚೀಲಕ್ಕೆ. ಡ್ರಿಪ್ ಸೆಟ್, ಸಲೈನ್ ಬಾಟಲಿ, ಗ್ಲೌಸ್ ಕೆಂಪು ಚೀಲಕ್ಕೆ. ಸೂಜಿ, ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಗಾಜು ನೀಲಿಗೆ. ಭಟ್ಟಿಗೆ ಹೋಗಬೇಕಾದ್ದು ಹಳದಿ ಚೀಲದ ಕಸ. ಕೆಂಪು ಚೀಲದ ಪ್ಲಾಸ್ಟಿಕ್ ಭಟ್ಟಿಗೆ ಹೋಗುವಂತೆಯೇ ಇಲ್ಲ, ಅದನ್ನು ಆಟೋಕ್ಲೇವ್‌ನಲ್ಲಿ, ಅಂದರೆ ಬಿಸಿ ಹಬೆಯ ಒತ್ತಡದಲ್ಲಿ ಶುದ್ಧ ಮಾಡಿ, ಚೂರು ಮಾಡಿ, ಮರುಬಳಕೆಗೆ ಕೊಡಬೇಕು.

ಈಗ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನಾನಿದ್ದ ಒಂದು ಆಸ್ಪತ್ರೆಯಲ್ಲಿ ಕೆಂಪು ಚೀಲ ಖಾಲಿಯಾದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಆಯಾ ಏನು ಮಾಡಬೇಕು? ಬಾಟಲಿ, ಪೈಪು, ಸೂಜಿ ಎಲ್ಲವನ್ನೂ ಹಳದಿ ಚೀಲಕ್ಕೇ ತುಂಬುತ್ತಿದ್ದಳು. ಒಂದು ದಿನ ಆ ಚೀಲ ಎತ್ತುವಾಗ ಸೂಜಿ ಅವಳ ಅಂಗೈಗೇ ಚುಚ್ಚಿತು. ಯಾವ ರೋಗಿಯ ಸೂಜಿ ಅಂತ ಯಾರಿಗೂ ಗೊತ್ತಿಲ್ಲ. ಅವಳಿಗೆ ಹೆಪಟೈಟಿಸ್ ಬಿ ಲಸಿಕೆಯನ್ನೂ ಹಾಕಿಸಿರಲಿಲ್ಲ, ಹಾಕಿಸಲೇಬೇಕು ಅಂತ ನಿಯಮದಲ್ಲಿದೆ. ಆರು ತಿಂಗಳು ಅವಳು ರಕ್ತ ಪರೀಕ್ಷೆಗೆ ಬಂದಾಗಲೆಲ್ಲ ನನ್ನ ಮುಖ ನೋಡುತ್ತಿದ್ದಳು, ರಿಪೋರ್ಟ್ ಓದುವ ಮೊದಲೇ. ಏನೂ ಆಗಲಿಲ್ಲ. ಆದರೆ ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ.

ಅಂಥ ಬೆರಕೆ ಚೀಲ ಭಟ್ಟಿಗೆ ಹೋದರೆ ಏನಾಗುತ್ತದೆ? ಪಿವಿಸಿ ಪ್ಲಾಸ್ಟಿಕ್‌ನಲ್ಲಿ ಕ್ಲೋರಿನ್ ಇರುತ್ತದೆ. ಸುಡುವಾಗ, ಆಮೇಲೆ ಹೊಗೆ ತಣ್ಣಗಾಗುವಾಗ, ಅದರಿಂದ ಡಯಾಕ್ಸಿನ್ ಎಂಬ ಗುಂಪಿನ ವಿಷಗಳು ಹುಟ್ಟುತ್ತವೆ. ಆ ಗುಂಪಿನಲ್ಲೇ ಅತಿ ಕೆಟ್ಟದ್ದು ಕ್ಯಾನ್ಸರ್ ತರುತ್ತದೆ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ. ಅಕ್ಕಂದಿರೇ, ಇದನ್ನು ನೀವು ಗಮನವಿಟ್ಟು ಕೇಳಬೇಕು. ಈ ವಿಷ ಮೂಗಿನಿಂದ ಬರುವುದು ಕಡಿಮೆ, ತಟ್ಟೆಯಿಂದ ಬರುವುದು ಜಾಸ್ತಿ. ಹೊಗೆಯಿಂದ ಮೇವಿನ ಮೇಲೆ ಇಳಿಯುತ್ತದೆ, ಮೇವು ತಿಂದ ಎಮ್ಮೆಯ ಕೊಬ್ಬಿನಲ್ಲಿ ಕೂರುತ್ತದೆ, ಅಲ್ಲಿಂದ ಹಾಲಿಗೆ ಬರುತ್ತದೆ. ಮನುಷ್ಯರ ಮೈ ಸೇರುವುದರಲ್ಲಿ 90 ಪರ್ಸೆಂಟ್‌ಗಿಂತ ಜಾಸ್ತಿ ಆಹಾರದಿಂದಲೇ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಊರಿನಲ್ಲಿ ಡೈರಿಗೆ ಹಾಲು ಹಾಕದ ಮನೆ ಎಷ್ಟಿವೆ, ನೀವೇ ಎಣಿಸಿ.

ಕಂಪನಿಯವರು ಬಂದು, ನಮ್ಮ ಭಟ್ಟಿ ಹೊಸದು, ಎರಡನೇ ಕೋಣೆಯಲ್ಲಿ 1050 ಡಿಗ್ರಿ ಶಾಖ, ಹೊಗೆ ಅಲ್ಲಿ 2 ಸೆಕೆಂಡ್ ಇರುತ್ತದೆ, ಚಿಮಣಿ 30 ಮೀಟರ್ ಎತ್ತರ ಅಂದರು. ಅದು ಅವರ ದೊಡ್ಡತನ ಅಲ್ಲ, ನಿಯಮ ಕೇಳುವುದೇ ಅಷ್ಟು. ಸರಿಯಾಗಿ ನಡೆಸಿದರೆ ವಿಷ ಬಹಳ ಕಡಿಮೆಯಾಗುತ್ತದೆ, ನಿಜ. ಆದರೆ ಕರೆಂಟ್ ಹೋದಾಗ? ಭಟ್ಟಿ ಹೊತ್ತಿಸುವಾಗ, ಆರಿಸುವಾಗ? ಶಾಖ ಇಳಿದ ಹೊತ್ತಿನಲ್ಲೇ ಕೆಟ್ಟ ಹೊಗೆ ಬರುವುದು. ಧೂಳು, ಕೆಲವು ಅನಿಲಗಳನ್ನು ಯಂತ್ರ ಸದಾ ಅಳೆಯುತ್ತಿರುತ್ತದೆ, ಡಯಾಕ್ಸಿನ್ ಪರೀಕ್ಷೆ ಕಡ್ಡಾಯ ಇರುವುದು ವರ್ಷಕ್ಕೊಮ್ಮೆ. ಮಿಕ್ಕ 364 ದಿನ ನಮ್ಮನ್ನು ಕಾಯುವುದು ವಾರ್ಡಿನಲ್ಲಿ ಕಸ ಬೇರೆ ಮಾಡುವ ಆ ಆಯಾನ ಕೈ, ಮತ್ತು ಅವಳಿಗೆ ಸಾಕಷ್ಟು ಚೀಲ ಕೊಡುವ ಆಡಳಿತ.

ಬೇಡವೇ ಬೇಡ ಅನ್ನುವವರಿಗೂ ಒಂದು ಮಾತು. ಘಟಕ ಇಲ್ಲದಿದ್ದರೆ ಕಸ ಮಾಯವಾಗುವುದಿಲ್ಲ. ಆಸ್ಪತ್ರೆ ಹಿಂದಿನ ತಗ್ಗಿನಲ್ಲಿ ಸಂಜೆ ಹೊತ್ತು ಬೆಂಕಿ ಹಚ್ಚುವುದನ್ನು ನಾನು ನೋಡಿದ್ದೇನೆ, ಹುಡುಗರು ಅದೇ ತಗ್ಗಿನಲ್ಲಿ ಸಿರಿಂಜ್ ಆರಿಸಿಕೊಂಡು ನೀರು ಚಿಮ್ಮಿಸಿ ಆಡುವುದನ್ನೂ ನೋಡಿದ್ದೇನೆ. ನಮ್ಮ ಅವ್ವಂದಿರ ಆಪರೇಷನ್ ಆದದ್ದೂ ಅದೇ ಆಸ್ಪತ್ರೆಗಳಲ್ಲಿ. ಪಕ್ಕದ ಊರಿಗೆ ತಳ್ಳಿ ಅಂತ ನಾನು ಹೇಳಲಾರೆ.

ಆದರೂ ಈ ಜಾಗಕ್ಕೆ ನನ್ನ ಒಪ್ಪಿಗೆ ಇಲ್ಲ. ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಗುಡ್ಡ ಇರುವುದೂ ಪಶ್ಚಿಮಕ್ಕೇ, ಊರು, ಶಾಲೆ, ಕೆರೆ ಎಲ್ಲ ನೇರ ಎದುರಿಗೆ. ಇಂಥ ಘಟಕಕ್ಕೂ ಮನೆಗಳಿಗೂ ಆದಷ್ಟೂ 500 ಮೀಟರ್ ಅಂತರ ಇರಲಿ ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿಯಲ್ಲಿದೆ, ಕೈಗಾರಿಕಾ ಪ್ರದೇಶದಲ್ಲಿದ್ದರೆ ಒಳ್ಳೆಯದು ಅಂತಲೂ ಇದೆ. ಮೇಲಾಗಿ ಕೊಪ್ಪಳದವರು ಗಿಣಿಗೇರಿ ಕಡೆಯ ಕಾರ್ಖಾನೆಗಳ ಕರಿ ಬೂದಿಯನ್ನು ವರ್ಷಗಳಿಂದ ಉಣ್ಣುತ್ತಿದ್ದೇವೆ. 2025ರಲ್ಲಿ ಉಕ್ಕಿನ ಕಾರ್ಖಾನೆ ಬೇಡ ಅಂತ ಗವಿಮಠದ ಶ್ರೀಗಳ ಜೊತೆ ಎಷ್ಟು ಜನ ಬೀದಿಗೆ ಬಂದಿದ್ದೆವು, ನೆನಪಿದೆಯಲ್ಲ. ಇನ್ನೊಂದು ವಿಷಯ. ಒಂದು ಘಟಕ 75 ಕಿಲೋಮೀಟರ್ ಸುತ್ತಿನ ಆಸ್ಪತ್ರೆಗಳ ಕಸ ತೆಗೆದುಕೊಳ್ಳಬಹುದು. ಅಂದರೆ ಗಂಗಾವತಿ, ಹೊಸಪೇಟೆ, ಗದಗದ ಲಾರಿಗಳೂ ನಮ್ಮ ದಾರಿಯಲ್ಲೇ ಓಡಾಡುತ್ತವೆ. ಆ ದಾರಿ ಎಷ್ಟು ಅಗಲ ಅಂತ ನಿಮಗೆ ಗೊತ್ತು.

ಈ ಘಟಕದ ಬಗ್ಗೆ ಜನರ ಅಹವಾಲು ಕೇಳುವ ಸಭೆಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನೋಟಿಸ್ ಕೊಟ್ಟರೆ 30 ದಿನ ಸಮಯ ಇರುತ್ತದೆ. ಘಟಕದಿಂದ ಪರಿಸರಕ್ಕೆ ಏನಾಗುತ್ತದೆ ಎಂಬ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಕೇಳಿ ತೆಗೆದುಕೊಳ್ಳಿ. ಆ ಸಭೆಗೆ ಇಷ್ಟೇ ಜನ ಬರಬೇಕೆಂಬ ಲೆಕ್ಕ ಇಲ್ಲ, ಹತ್ತು ಜನ ಬಂದರೂ ಸಭೆ ಆಯಿತು ಅಂತ ಬರೆದುಕೊಳ್ಳುತ್ತಾರೆ. ಕೊನೆಗೆ ನಾವು ಹೇಳಿದ್ದನ್ನು ಓದಿ ಹೇಳಬೇಕು, ಅದನ್ನು ಕೇಳದೆ ಎದ್ದು ಬರಬೇಡಿ.

ಅದಕ್ಕೂ ಮೊದಲು ಒಂದು ಕೆಲಸ ಇದೆ. ಬರುವ ಸೋಮವಾರ ನಾವು ಐದು ಜನ ತಾಲ್ಲೂಕಿನ ಆಸ್ಪತ್ರೆಗಳಿಗೆ ಹೋಗಿ, ಯಾವ ಬಣ್ಣದ ಚೀಲ ಎಷ್ಟಿದೆ, 48 ಗಂಟೆಯೊಳಗೆ ಕಸ ಹೊರಡುತ್ತಿದೆಯಾ, ಆಯಾಗಳಿಗೆ ಲಸಿಕೆ ಆಗಿದೆಯಾ ಅಂತ ಕೇಳಿ ಬರೆದುಕೊಂಡು ಬರೋಣ ಅಂತಿದ್ದೇವೆ. ಬರುವವರು ಪಂಚಾಯಿತಿ ಮುಂದೆ ಎಂಟು ಗಂಟೆಗೆ ಸೇರಿ. ಈಗ ಡೈರಿಯ ಅಕ್ಕಂದಿರು ಮಾತಾಡಲಿ, ಅವರ ಪ್ರಶ್ನೆಗಳನ್ನು ನಾನು ಬರೆದುಕೊಳ್ಳುತ್ತೇನೆ.