ಡಿಲನ್ ಹಾಡು ಬದಲಿಸಿದರೆ ನಮಗೇಕೆ ಸಿಟ್ಟು?

ಎಲ್ಲರಿಗೂ ನಮಸ್ಕಾರ. ಇವತ್ತು ಮೇ 24, ಅಮೆರಿಕದ ಹಾಡುಗಾರ ಬಾಬ್ ಡಿಲನ್ ಹುಟ್ಟಿದ ದಿನ. ಶಿಲ್ಲಾಂಗ್‌ನ ಗಾಯಕ ಲೂ ಮಜಾವ್ 1972ರಿಂದ ಈ ದಿನ ಡಿಲನ್ ಹಾಡು ಹಾಡುತ್ತಾ ಬಂದಿದ್ದಾರೆ. ನಾವೂ ಈಗ ಸೇರಿದ್ದೇವಲ್ಲ, ಬಹಳ ಸಂತೋಷ.

ಡಿಲನ್ ಯಾರು ಅಂತ ಇಲ್ಲಿ ಕೂತವರಿಗೆ ಹೇಳಬೇಕಾಗಿಲ್ಲ. ನಾನು ಬಂದಿರುವುದು ಒಂದು ದೂರಿಗೆ ಉತ್ತರ ಕೊಡಲು. "ಈ ಮನುಷ್ಯ ರೆಕಾರ್ಡಿನಲ್ಲಿ ಇದ್ದ ಹಾಗೆ ವೇದಿಕೆ ಮೇಲೆ ಹಾಡೋದೇ ಇಲ್ಲ. ಅರ್ಧ ಮುಗಿದರೂ ಯಾವ ಹಾಡು ಅಂತ ಗೊತ್ತಾಗಲ್ಲ" ಅನ್ನುತ್ತಾರಲ್ಲ, ಆ ದೂರು. ಅದು ನಿಜವೇ. ಆದರೆ ಅದು ತಪ್ಪಲ್ಲ. ಜನಪದ ಹಾಡಿನಿಂದ ಅವರು ಕಲಿತದ್ದೇ ಅದು.

1961ರ ಜನವರಿಯಲ್ಲಿ ಅವರು ನ್ಯೂಯಾರ್ಕಿಗೆ ಬಂದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಬೆಳೆದದ್ದು ಮಿನಿಸೋಟದ ಹಿಬ್ಬಿಂಗ್‌ನಲ್ಲಿ, ಕಬ್ಬಿಣದ ಗಣಿಗಳ ಊರು. ಅವರ ಆರಾಧ್ಯ ದೈವ, ಜನಪದ ಹಾಡುಗಾರ ವುಡಿ ಗತ್ರಿ ಆಗ ನ್ಯೂಜೆರ್ಸಿಯ ಆಸ್ಪತ್ರೆಯಲ್ಲಿದ್ದರು. ಹಂಟಿಂಗ್ಟನ್ ಅನ್ನುವ ನರಗಳ ಕಾಯಿಲೆ. ಡಿಲನ್ ಅಲ್ಲಿಗೆ ಹೋಗಿ ಗತ್ರಿಯ ಹಾಡುಗಳನ್ನೇ ಅವರಿಗೆ ಹಾಡಿ ತೋರಿಸಿದರು. ಗತ್ರಿ ಹಳೇ ಧಾಟಿಗೆ ಹೊಸ ಮಾತು ಕಟ್ಟುತ್ತಿದ್ದವರು. ಶಿಷ್ಯನೂ ಅದೇ ದಾರಿ ಹಿಡಿದರು. 'ಬ್ಲೋಯಿಂಗ್ ಇನ್ ದ ವಿಂಡ್' ಧಾಟಿ ಬಂದದ್ದು ಗುಲಾಮರ ಮಾರಾಟದ ಕಟ್ಟೆಯ ಬಗೆಗಿನ ಹಳೆಯ ಕರಿಯರ ಹಾಡಿನಿಂದ. ಇದನ್ನು ಡಿಲನ್ನೇ ಹೇಳಿದ್ದಾರೆ. ಕದ್ದರು ಅನ್ನುವವರಿದ್ದಾರೆ. ನಮ್ಮಲ್ಲಿ ಪುರಂದರದಾಸರ ಪದವನ್ನು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡುತ್ತಾರೆ. ಯಾರಾದರೂ ತಕರಾರು ಮಾಡ್ತಾರಾ? ಇಲ್ಲ, ಅಲ್ವಾ?

1965ರ ನ್ಯೂಪೋರ್ಟ್ ಜನಪದ ಸಂಗೀತೋತ್ಸವದ ಕಥೆ ನಿಮಗೆ ಬಾಯಿಪಾಠ. ಎಲೆಕ್ಟ್ರಿಕ್ ಗಿಟಾರ್ ಹಿಡಿದರು, ಜನ ಕೂಗಾಡಿದರು. ಮರುವರ್ಷ ಮ್ಯಾಂಚೆಸ್ಟರಿನಲ್ಲಿ ಒಬ್ಬ "ಜೂಡಾಸ್!" ಅಂತಲೇ ಕೂಗಿದ. ಏಸುವನ್ನು ಹಿಡಿದುಕೊಟ್ಟವನ ಹೆಸರು! ಜನಪದ ಅಂದರೆ ಒಂಟಿ ಗಿಟಾರು, ಬದಲಾಗದ ಹಾಡು ಅಂತ ನಂಬಿದ್ದವರ ಸಿಟ್ಟು ಅದು. ಆದರೆ ಬದಲಾಗದೆ ಉಳಿದ ಜನಪದ ಹಾಡು ಯಾವುದಿದೆ ಹೇಳಿ.

ನನಗೆ ಇದಕ್ಕಿಂತ ಇಷ್ಟದ ಕಥೆ ಇನ್ನೊಂದಿದೆ. 1974ರ ಸೆಪ್ಟೆಂಬರಿನಲ್ಲಿ ಅವರು ನ್ಯೂಯಾರ್ಕಿನಲ್ಲಿ 'ಬ್ಲಡ್ ಆನ್ ದ ಟ್ರ್ಯಾಕ್ಸ್' ಆಲ್ಬಂ ರೆಕಾರ್ಡ್ ಮಾಡಿದರು. ಹೆಚ್ಚು ವಾದ್ಯಗಳಿಲ್ಲ, ಮೆತ್ತಗಿನ ದನಿ. ಪರೀಕ್ಷೆಗೆ ಒತ್ತಿದ ಡಿಸ್ಕುಗಳು ಬಂದವು, ಕವರೂ ಅಚ್ಚಾಯಿತು. ಇನ್ನೇನು ಅಂಗಡಿಗೆ ಹೋಗಬೇಕು. ಅಷ್ಟರಲ್ಲಿ ಡಿಲನ್ ಮಿನಿಸೋಟಕ್ಕೆ ಹೋಗಿ ತಮ್ಮ ಡೇವಿಡ್‌ಗೆ ಅದನ್ನು ಕೇಳಿಸಿದರು. ಹಾಡುಗಳೆಲ್ಲ ಒಂದೇ ಥರ ಕೇಳಿಸುತ್ತವೆ ಅಂದರಂತೆ ತಮ್ಮ. ಮನೆಯವರ ಮಾತು ನೋಡಿ, ಹೇಗೆ ನಾಟುತ್ತದೆ! ಡಿಸೆಂಬರ್ ಕೊನೆಯಲ್ಲಿ ಮಿನಿಯಾಪೊಲಿಸ್‌ನ ಸ್ಟುಡಿಯೋದಲ್ಲಿ ಊರಿನ ವಾದಕರನ್ನೇ ಸೇರಿಸಿಕೊಂಡು ಹತ್ತರಲ್ಲಿ ಐದು ಹಾಡನ್ನು ಮತ್ತೆ ಹಾಡಿದರು. 'ಟ್ಯಾಂಗಲ್ಡ್ ಅಪ್ ಇನ್ ಬ್ಲೂ' ಹಾಡನ್ನು ಜಿ ಶ್ರುತಿಯಿಂದ ಎ ಶ್ರುತಿಗೆ ಏರಿಸೋಣ ಅಂತ ಸಲಹೆ ಕೊಟ್ಟದ್ದು ಅಲ್ಲಿನ ಒಬ್ಬ ಗಿಟಾರ್ ವಾದಕ. ಡಿಲನ್ ಒಪ್ಪಿದರು, ದನಿಗೆ ಒಂದು ತುರ್ತು ಬಂತು. ನ್ಯೂಯಾರ್ಕಿನಲ್ಲಿ ಈ ಹಾಡು 'ಅವನು' ಅಂತ ಶುರುವಾಗುತ್ತಿತ್ತು, ಇಲ್ಲಿ 'ನಾನು' ಆಯಿತು. ದೂರದಲ್ಲಿ ನಿಂತು ನೋಡುತ್ತಿದ್ದವನೇ ಕಥೆಯೊಳಗೆ ಬಂದು ನಿಂತ. 1984ರ ಹೊತ್ತಿಗೆ ವೇದಿಕೆಯಲ್ಲಿ ಅದರ ಬಹಳಷ್ಟು ಸಾಲುಗಳೇ ಬೇರೆ.

ನೋವಿನ ಸಂಗತಿ ಒಂದಿದೆ. ಕವರ್ ಮೊದಲೇ ಅಚ್ಚಾಗಿತ್ತು ಅಂದೆನಲ್ಲ. ಹಾಗಾಗಿ 1975ರ ಜನವರಿಯಲ್ಲಿ ಡಿಸ್ಕು ಬಂದಾಗ ಮಿನಿಯಾಪೊಲಿಸ್‌ನವರ ಒಬ್ಬರ ಹೆಸರೂ ಅದರ ಮೇಲೆ ಇರಲಿಲ್ಲ. ಅಷ್ಟು ಚೆನ್ನಾಗಿ ನುಡಿಸಿದವರು! ಇದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ.

ಹಾಂ, ಕವರ್ ಅಂದಾಗ ನೆನಪಾಯಿತು. 1967ರ 'ಜಾನ್ ವೆಸ್ಲಿ ಹಾರ್ಡಿಂಗ್' ಆಲ್ಬಂನ ಕವರ್ ಮನೆಯಲ್ಲಿದ್ದರೆ ತೆಗೆದು ನೋಡಿ. ಡಿಲನ್ ಅಕ್ಕಪಕ್ಕ ನಿಂತವರಲ್ಲಿ ಇಬ್ಬರು ಬಂಗಾಳದ ಬಾವುಲರು, ಅಂದರೆ ಊರೂರು ಅಲೆದು ಹಾಡುವ ಜನಪದ ಗಾಯಕರು, ಪೂರ್ಣದಾಸ್ ಮತ್ತು ಲಕ್ಷ್ಮಣದಾಸ್.

ಸಮಯ ಆಯ್ತು ಅಂತ ಚೀಟಿ ಬಂದಿದೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 1979ರಲ್ಲಿ ಭಕ್ತಿಗೀತೆಗೆ ತಿರುಗಿದರು, ಆಗಲೂ ಜನ ಬೈದರು. 1988ರಲ್ಲಿ ಶುರುವಾದ ಊರೂರು ಹಾಡುವ ತಿರುಗಾಟ ಎಪ್ಪತ್ತು ದಾಟಿದರೂ ನಿಲ್ಲಲಿಲ್ಲ. 1997ರಲ್ಲಿ 'ಟೈಮ್ ಔಟ್ ಆಫ್ ಮೈಂಡ್' ಆಲ್ಬಂ, ಒಡೆದ ದನಿಯೇ ಅದರ ಬಲ. 2016ರಲ್ಲಿ ಅವರಿಗೆ ಬಂದ ಸಾಹಿತ್ಯದ ನೊಬೆಲ್ ಬಗ್ಗೆ ಒಂದು ಗಂಟೆ ಜಗಳವಾಡಬಹುದು, ಇವತ್ತು ಬೇಡ. 2020ರಲ್ಲಿ, ಎಪ್ಪತ್ತೆಂಟನೇ ವಯಸ್ಸಿನಲ್ಲಿ, ಕೆನಡಿ ಹತ್ಯೆಯ ಬಗ್ಗೆ ಸುಮಾರು ಹದಿನೇಳು ನಿಮಿಷದ ಹಾಡು ತಂದರು. ಅದರ ತುಂಬ ಅಮೆರಿಕದ ಹಳೇ ಹಾಡುಗಳ ಹೆಸರುಗಳಿವೆ. ಸುಮ್ನೆ ಅಲ್ಲ ಅದು. ಆ ಹಾಡುಗಳಿಂದಲೇ ತಾನು ಅಂತ ಅವರಿಗೆ ಗೊತ್ತು.

ಪ್ರಶ್ನೆಗಳನ್ನು ಆಮೇಲೆ ತೆಗೆದುಕೊಳ್ಳೋಣ. ಮೊದಲು 'ಟ್ಯಾಂಗಲ್ಡ್ ಅಪ್ ಇನ್ ಬ್ಲೂ' ಎರಡು ಸಲ ಕೇಳೋಣ, ನ್ಯೂಯಾರ್ಕಿನದು ಮೊದಲು, ಮಿನಿಯಾಪೊಲಿಸ್‌ನದು ಆಮೇಲೆ. ಯಾವುದು ಅಸಲಿ ಅಂತ ನೀವೇ ಹೇಳಿ.