ವೆಬ್‌ಸೈಟಲ್ಲಿ ಎಲ್ಲ ಬರೆದುಂಟು, ಮತ್ತೂ ಫೋನ್ ಮಾಡಿ ಕೇಳ್ತಾರೆ, ಎಂತಕ್ಕೆ?

ನಮಸ್ಕಾರ ಎಲ್ಲರಿಗೂ. ಮಲ್ಪೆ ಹತ್ರ ಹೋಂಸ್ಟೇ ನಡೆಸುವವರೊಬ್ರು ಒಂದು ಪ್ರಶ್ನೆ ಕಳ್ಸಿದ್ರು, ಅದು ನನ್ನ ತಲೆಯಲ್ಲೇ ಕೂತುಬಿಟ್ಟಿದೆ. ಅವರು ಹೇಳುದು ಇಷ್ಟು: "ನಮ್ಮ ವೆಬ್‌ಸೈಟಲ್ಲಿ ಊಟ ಉಂಟು ಅಂತ ಬರೆದುಂಟು, ಬೀಚು ಎಷ್ಟು ದೂರ ಅಂತ ಬರೆದುಂಟು, ನಾಯಿ ತರ್ಬೇಡಿ ಅಂತ್ಲೂ ಬರೆದುಂಟು. ಜನ ಅದನ್ನು ನೋಡಿಯೇ ನಂಬರ್ ತಗೊಳ್ತಾರೆ. ಫೋನ್ ಮಾಡಿ ಕೇಳುದು ಮಾತ್ರ, ಊಟ ಉಂಟಾ, ಬೀಚು ಎಷ್ಟು ದೂರ, ನಾಯಿ ತರ್ಬಹುದಾ. ಇವರು ಓದುದೇ ಇಲ್ವಾ ಮಾರಾಯ್ರೆ?"

ಓದುದಿಲ್ಲ. ನಿಜವಾಗಿ ಓದುದಿಲ್ಲ, ಮತ್ತೆ ಅದು ಅವರ ತಪ್ಪೂ ಅಲ್ಲ.

ವೆಬ್‌ಸೈಟ್ ಅಂದ್ರೆ ಎಂತ, ಡೊಮೇನ್ ಎಂತ, ಕಂಟೆಂಟ್ ಅಂದ್ರೆ ಎಂತ, ಅದೆಲ್ಲ ನಿಮಗೆ ಗೊತ್ತುಂಟು, ಸೀದಾ ವಿಷಯಕ್ಕೆ ಹೋಗುವ.

[ಸ್ಕ್ರೀನ್ ಮೇಲೆ: 1997]

1997ರಲ್ಲಿ ಜೇಕಬ್ ನೀಲ್ಸನ್ ಅಂತ ಒಬ್ರು, ವೆಬ್‌ಸೈಟ್ ಬಳಕೆ ಬಗ್ಗೆ ಕೆಲಸ ಮಾಡಿದವರಲ್ಲಿ ದೊಡ್ಡ ಹೆಸರು, ಜನ ವೆಬ್ ಪೇಜನ್ನು ಹೇಗೆ ಓದ್ತಾರೆ ಅಂತ ಕೂತು ಪರೀಕ್ಷೆ ಮಾಡಿದ್ರು. ಹೊಸ ಪೇಜು ತೆರೆದಾಗ 79 ಪರ್ಸೆಂಟ್ ಜನ ಸುಮ್ಮನೆ ಕಣ್ಣಾಡಿಸ್ತಾರೆ ಅಷ್ಟೇ. ಒಂದೊಂದೇ ಪದ ಓದುವವರು ಬರೀ 16 ಪರ್ಸೆಂಟ್. ಆಗ ಮೊಬೈಲ್ ಇಂಟರ್ನೆಟ್ ಇರ್ಲಿಲ್ಲ, ವಾಟ್ಸಾಪ್ ಇರ್ಲಿಲ್ಲ, ಮೇಜಿನ ಮುಂದೆ ಕುರ್ಚಿ ಎಳ್ಕೊಂಡು ಕೂತವರ ಕಥೆ ಇದು. ಈಗ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಚಾ ಹಿಡ್ಕೊಂಡವರಿಂದ ನಾವು ಹೆಚ್ಚು ಓದು ನಿರೀಕ್ಷೆ ಮಾಡಿದ್ರೆ ಹೇಗೆ.

ಅದೇ ವರ್ಷ ನೀಲ್ಸನ್ ಮತ್ತು ಜಾನ್ ಮೋರ್ಕ್ಸ್ ಸೇರಿ ಇನ್ನೊಂದು ಪರೀಕ್ಷೆ ಮಾಡಿದ್ರು, ನನಗೆ ಭಾರೀ ಇಷ್ಟದ್ದು ಇದು. ಅಮೆರಿಕದ ನೆಬ್ರಾಸ್ಕ ರಾಜ್ಯದ ಪ್ರವಾಸಿ ತಾಣಗಳ ಬಗ್ಗೆ ಒಂದೇ ವೆಬ್‌ಸೈಟನ್ನು ಐದು ಥರ ಬರೆದ್ರು. ಮೊದಲನೇದು ನಮ್ಮ ಬ್ರೋಷರ್ ಭಾಷೆ, ನೆಬ್ರಾಸ್ಕದಲ್ಲಿ ವಿಶ್ವವಿಖ್ಯಾತ ತಾಣಗಳು ತುಂಬಿ ತುಳುಕ್ತಾ ಉಂಟು, ಜನ ಪ್ರತಿ ವರ್ಷ ತಪ್ಪದೆ ಮುಗಿಬೀಳ್ತಾರೆ, ಆ ನಮೂನೆ. ಎರಡನೇದ್ರಲ್ಲಿ ಪದಗಳನ್ನು ಅರ್ಧಕ್ಕೆ ಇಳಿಸಿದ್ರು. ಮೂರನೇದ್ರಲ್ಲಿ ಕಣ್ಣಿಗೆ ಸಿಗುವ ಹಾಗೆ ಪಟ್ಟಿ ಮಾಡಿದ್ರು. ನಾಲ್ಕನೇದ್ರಲ್ಲಿ ಹೊಗಳಿಕೆ ಮಾತ್ರ ತೆಗೆದ್ರು. ಐದನೇದ್ರಲ್ಲಿ ಈ ಮೂರನ್ನೂ ಒಟ್ಟಿಗೆ ಮಾಡಿದ್ರು.

ಆ ತಾಣಗಳ ಪಟ್ಟಿಯಲ್ಲಿ ಕಾರ್‌ಹೆಂಜ್ ಅಂತ ಒಂದು ಜಾಗ ಉಂಟು, ಅದನ್ನು ಹೇಳದೆ ಮುಂದೆ ಹೋಗ್ಲಿಕ್ಕೆ ನನಗೆ ಮನಸ್ಸಾಗುದಿಲ್ಲ. ಇಂಗ್ಲೆಂಡಿನಲ್ಲಿ ಸ್ಟೋನ್‌ಹೆಂಜ್ ಉಂಟಲ್ವಾ, ದೊಡ್ಡ ದೊಡ್ಡ ಕಲ್ಲು ವೃತ್ತಾಕಾರ ನಿಲ್ಸಿದ್ದು, ಅದರ ನಕಲನ್ನು ಜಿಮ್ ರೈಂಡರ್ಸ್ ಅನ್ನುವವರು 1987ರಲ್ಲಿ ಹಳೇ ಕಾರು ನಿಲ್ಸಿ ಮಾಡಿದ್ರು, ತೀರಿಹೋದ ತಂದೆಯ ನೆನಪಿಗೆ. ಕಾರುಗಳನ್ನು ನೆಟ್ಟಗೆ ನಿಲ್ಸಿ, ಮೇಲೆ ಅಡ್ಡ ಕಾರು ಇಟ್ಟು, ಎಲ್ಲಕ್ಕೂ ಕಲ್ಲಿನ ಬೂದು ಬಣ್ಣ ಬಳಿದದ್ದು. ಈಗ ನೋಡಿ, ಇದನ್ನು "ವಿಶ್ವವಿಖ್ಯಾತ ಅದ್ಭುತ ತಾಣ" ಅಂತ ಬರೆದ್ರೆ ನಿಮಗೆ ಎಂತ ಕಾಣ್ತದೆ? ಎಂತದೂ ಕಾಣುದಿಲ್ಲ. "ಅಪ್ಪನ ನೆನಪಿಗೆ ಹಳೇ ಕಾರು ನೆಟ್ಟ ಜಾಗ" ಅಂದ ಕೂಡಲೇ ಹೋಗಿ ನೋಡುವ ಅಂತ ಆಗ್ತದೆ.

ಪರೀಕ್ಷೆಯ ರಿಸಲ್ಟ್ ಕೇಳಿ. ಪದ ಅರ್ಧ ಮಾಡಿದ್ದಕ್ಕೆ, ಪೇಜು ಬಳಸ್ಲಿಕ್ಕೆ ಎಷ್ಟು ಸುಲಭ ಅನ್ನುವ ಅಳತೆ 58 ಪರ್ಸೆಂಟ್ ಹೆಚ್ಚಾಯ್ತು, ಪಟ್ಟಿ ಮಾಡಿದ್ದಕ್ಕೆ 47, ಬರೀ ಹೊಗಳಿಕೆ ತೆಗೆದದ್ದಕ್ಕೆ 27, ಮೂರೂ ಸೇರಿದಾಗ 124 ಪರ್ಸೆಂಟ್. ಅಂದ್ರೆ ಡಬಲ್‌ಗಿಂತ ಹೆಚ್ಚು, ಡಿಸೈನ್‌ಗೆ ದುಡ್ಡು ಹಾಕದೆ, ಬರವಣಿಗೆಯಲ್ಲೇ. ಆ 27 ನನಗೆ ಮುಖ್ಯ. ಅಲ್ಲಿ ಮಾಹಿತಿ ಅಷ್ಟೇ ಇತ್ತು, ಹೊಗಳಿಕೆ ಮಾತ್ರ ಹೋಯ್ತು. "ಅದ್ಭುತ" ಅಂತ ಓದಿದಾಗ ಮನಸ್ಸು ಒಂದು ಸಲ ನಿಂತು ಹೌದಾ ಅಂತ ಕೇಳ್ತದೆ, ಅದರಲ್ಲಿ ಹೊತ್ತೂ ಹೋಗ್ತದೆ, ನಂಬಿಕೆಯೂ ಹೋಗ್ತದೆ.

ಈಗ ನಮ್ಮೂರಿಗೆ ಬರುವ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಲ್ಲಿ ಸರ್ವಿಸ್ ಬಸ್ಸು ನಿಲ್ಲುವಲ್ಲಿ ಸ್ವಲ್ಪ ಹೊತ್ತು ನಿಂತು ಕಂಡಕ್ಟರ್ ಎಂತ ಕೂಗ್ತಾರೆ ಅಂತ ಕೇಳಿ. "ಉಡುಪಿ ಉಡುಪಿ ಉಡುಪಿ, ಮುಲ್ಕಿ ಪಡುಬಿದ್ರಿ ಕಾಪು ಉಡುಪಿ, ಸೀಟುಂಟು ಸೀಟುಂಟು, ಈಗ ಹೊರಡ್ತದೆ." ಅಷ್ಟೇ. ಅದರಲ್ಲಿ ಎಂತೆಲ್ಲ ಉಂಟು ನೋಡಿ. ಪ್ಯಾಸೆಂಜರ್ ತಲೆಯಲ್ಲಿ ಮೂರು ಡೌಟು, ಇದು ನನ್ನ ಊರಿಗೆ ಹೋಗ್ತದಾ, ಕೂತ್ಕೊಳ್ಲಿಕ್ಕೆ ಜಾಗ ಉಂಟಾ, ಎಷ್ಟು ಹೊತ್ತಿಗೆ ಬಿಡ್ತದೆ. ಮೂರಕ್ಕೂ ಉತ್ತರ ಒಂದೇ ಉಸಿರಲ್ಲಿ, ಅದೂ ಯಾವುದನ್ನು ಮೊದಲು ಕೇಳ್ತಾರೋ ಅದೇ ಮೊದಲು. ಕಾಪುವಿಗೆ ಹೋಗುವವರು "ಕಾಪು" ಕೇಳಿದ ಕೂಡಲೇ ತಿರುಗ್ತಾರೆ, ಬಾಕಿ ಯಾವುದೂ ಅವರ ಕಿವಿಗೆ ಬೀಳ್ಬೇಕು ಅಂತಿಲ್ಲ. ನಮ್ಮ ಬಸ್ ಕಂಪೆನಿ ಎಷ್ಟು ವರ್ಷದಿಂದ ಪ್ರಯಾಣಿಕರ ಸೇವೆಯಲ್ಲಿ ನಿರತವಾಗಿದೆ ಅಂತ ಯಾವ ಕಂಡಕ್ಟರೂ ಶುರು ಮಾಡುದಿಲ್ಲ, ಅಷ್ಟರಲ್ಲಿ ಹಿಂದಿನ ಬಸ್ಸಿನವರು ಜನ ತುಂಬಿಸ್ಕೊಂಡು ಹೋಗಿ ಆಗಿರ್ತದೆ. ವೆಬ್‌ಸೈಟಿನ ಹಿಂದೆಯೂ ಇನ್ನೊಂದು ಬಸ್ಸು ನಿಂತಿರ್ತದೆ, ಬ್ಯಾಕ್ ಬಟನ್ ಒತ್ತಿದ್ರೆ ಗೂಗಲಲ್ಲಿ ಮುಂದಿನ ಹೋಂಸ್ಟೇ.

[ಸ್ಕ್ರೀನ್ ಮೇಲೆ: ಹಳೇ ಪ್ಯಾರಾ]

ಈಗ ಆ ಹೋಂಸ್ಟೇ ಪೇಜಿನ ಮೊದಲ ಪ್ಯಾರಾ ನೋಡುವ, ಅವರ ಒಪ್ಪಿಗೆ ತಗೊಂಡೇ ಓದ್ತಿದ್ದೇನೆ. "ಪ್ರಕೃತಿಯ ಮಡಿಲಲ್ಲಿ, ಅಲೆಗಳ ಕಲರವದ ನಡುವೆ, ನಗರದ ಜಂಜಾಟದಿಂದ ದೂರವಾಗಿ ನಿಮ್ಮನ್ನು ಸ್ವಾಗತಿಸಲು ಸದಾ ಸಿದ್ಧವಾಗಿರುವ ನಮ್ಮಲ್ಲಿ ಅತ್ಯಾಧುನಿಕ ಸೌಲಭ್ಯಗಳೊಂದಿಗೆ ಮನೆಯ ವಾತಾವರಣದ ಅನುಭವವನ್ನು ಪಡೆಯಬಹುದಾಗಿದ್ದು, ಕರಾವಳಿ ಶೈಲಿಯ ರುಚಿಕರ ಊಟೋಪಚಾರದ ವ್ಯವಸ್ಥೆಯನ್ನು ಮುಂಚಿತವಾಗಿ ತಿಳಿಸಿದಲ್ಲಿ ಮಾಡಿಕೊಡಲಾಗುವುದು."

ಊಟ ಉಂಟು ಅಂತ ಬರೆದುಂಟು, ಅವರು ಹೇಳಿದ್ದು ಸತ್ಯವೇ. ಆದ್ರೆ ಅದು ಇರುದು ಆ ಇಡೀ ವಾಕ್ಯದ ಬಾಲದಲ್ಲಿ. ನೀಲ್ಸನ್ ತಂಡದವರು 2009ರಲ್ಲಿ ಲಿಂಕುಗಳ ಮೊದಲ 11 ಅಕ್ಷರ ಮಾತ್ರ ತೋರ್ಸಿ, ಒಳಗೆ ಎಂತ ಇರ್ಬಹುದು ಅಂತ ಜನರನ್ನು ಕೇಳಿದ್ರು, ಯಾಕಂದ್ರೆ ಪಟ್ಟಿ ಮೇಲೆ ಕಣ್ಣಾಡಿಸುವಾಗ ಕಣ್ಣಿಗೆ ಬೀಳುದು ಹೆಚ್ಚುಕಡಿಮೆ ಅಷ್ಟೇ. ನಮ್ಮಲ್ಲಿ "ಪ್ರಕೃತಿಯ ಮಡಿಲಲ್ಲಿ" ಅನ್ನುವಷ್ಟರಲ್ಲಿ ಆ ಹನ್ನೊಂದು ಅಕ್ಷರ ಮುಗೀತಾ ಬಂತು. ಕರಾವಳಿಯ ಎಷ್ಟು ಹೋಂಸ್ಟೇಗಳು ಇದೇ ಎರಡು ಪದದಿಂದ ಶುರುವಾಗ್ತವೆ, ನೀವೇ ಹುಡುಕಿ ನೋಡಿ.

ಇಲ್ಲಿ ಒಂದು ವಿಷಯ ಉಂಟು, ಇಂಗ್ಲಿಷ್ ಟಿಪ್ಸ್‌ಗಳಲ್ಲಿ ಇದು ಸಿಗುದಿಲ್ಲ, ನಮಗೆ ಮಾತ್ರ ಬೇಕಾದದ್ದು. ಕನ್ನಡದಲ್ಲಿ ಕ್ರಿಯಾಪದ ಬರುದು ವಾಕ್ಯದ ಕೊನೆಗೆ, ಅದರ ಒಟ್ಟಿಗೆ "ಇಲ್ಲ" ಅನ್ನುದೂ ಕೊನೆಗೇ ಬರ್ತದೆ. ಆ ಪೇಜಲ್ಲಿ ನಾಯಿ ಬಗ್ಗೆ ಬರೆದದ್ದು ಹೀಗೆ: "ಸಾಕುಪ್ರಾಣಿಗಳನ್ನು ಹೋಂಸ್ಟೇ ಆವರಣದೊಳಗೆ ಕರೆತರಲು ಅತಿಥಿಗಳಿಗೆ ಅವಕಾಶ ಇರುವುದಿಲ್ಲ." ಕಣ್ಣಾಡಿಸುವವರಿಗೆ ಕಂಡದ್ದು ಎಂತ? ಸಾಕುಪ್ರಾಣಿ, ಅತಿಥಿ, ಅವಕಾಶ. ಓ, ನಾಯಿ ತರ್ಬಹುದು ಅಂತ ಆಯ್ತು! ಇಡೀ ವಾಕ್ಯದಲ್ಲಿ ಬೇಡ ಅಂತ ಹೇಳುವ ಒಂದೇ ಒಂದು ಜಾಗ ಕೊನೇ ಪದದ ಕೊನೇ ತುಂಡು, ಮೊಬೈಲಲ್ಲಿ ಅದು ಎರಡನೇ ಸಾಲಿಗೋ ಮೂರನೇ ಸಾಲಿಗೋ ಇಳಿದಿರ್ತದೆ. ಫೋನ್ ಬಾರದೆ ಇರ್ತದಾ ಮತ್ತೆ. "ನಾಯಿ, ಬೆಕ್ಕು ತರುವ ಹಾಗಿಲ್ಲ" ಅಂತ ನಾಲ್ಕು ಪದದಲ್ಲಿ ಬರೀರಿ, ಇಲ್ಲಾಂದ್ರೆ "ನಾಯಿ, ಬೆಕ್ಕು: ಇಲ್ಲ" ಅಂತ ಬರೀರಿ. ಒರಟಾಯ್ತು ಅಂತ ಅನ್ಸಿದ್ರೆ ಕಾರಣ ಸೇರ್ಸಿ, "ನಮ್ಮಲ್ಲೇ ಎರಡು ನಾಯಿ ಉಂಟು, ಜಗಳ ಆಗ್ತದೆ" ಅಂತ. ಓದಿದವರಿಗೆ ಬೇಜಾರೂ ಆಗುದಿಲ್ಲ.

ಬ್ರಿಟನ್ ಸರ್ಕಾರದ ವೆಬ್‌ಸೈಟಿಗೆ ಬರೆಯುವವರಿಗೆ ಒಂದು ನಿಯಮ ಉಂಟು, ವಾಕ್ಯ 25 ಪದ ದಾಟಿದ್ರೆ ಮತ್ತೆ ನೋಡಿ, ಒಡೀಲಿಕ್ಕೆ ಆಗ್ತದಾ ಅಂತ. ಆದ್ರೆ ನಮ್ಮ ಪದಗಳಿಗೆ ವಿಭಕ್ತಿ ಪ್ರತ್ಯಯ ಎಲ್ಲ ಅಂಟ್ಕೊಂಡು ಒಂದೊಂದು ಪದವೇ ಉದ್ದ, ಈಗ ಓದಿದೆನಲ್ಲ ಆ ಪ್ಯಾರಾ, ಅದು 25 ದಾಟಿದ್ದು ಸ್ವಲ್ಪವೇ, ಆದ್ರೂ ಉಸಿರು ಕಟ್ಟಿತು. ಕನ್ನಡಕ್ಕೆ 12, ಹೆಚ್ಚಂದ್ರೆ 15 ಪದ ಸಾಕು ಅಂತ ನನ್ನ ಲೆಕ್ಕ.

[ಸ್ಕ್ರೀನ್ ಮೇಲೆ: ಹೊಸ ಪ್ಯಾರಾ]

ಅದನ್ನೇ ತಿದ್ದಿ ಹೀಗೆ ಮಾಡಿದ್ದು: "ಮಲ್ಪೆ ಬೀಚಿಗೆ ನಡೆದು 5 ನಿಮಿಷ. 4 ರೂಮು, 2ರಲ್ಲಿ ಎಸಿ. ಬೆಳಗ್ಗೆ ನೀರುದೋಸೆ ಅಥವಾ ಬನ್ಸ್, ರೂಮಿನ ರೇಟಲ್ಲೇ ಸೇರಿದೆ. ಮೀನೂಟ ಬೇಕಾದರೆ ಹಿಂದಿನ ರಾತ್ರಿ 8ರೊಳಗೆ ಹೇಳಿ. ಸಸ್ಯಾಹಾರಿ ಊಟವೂ ಉಂಟು. ಸಂಜೆ ಜಗಲಿಯಲ್ಲಿ ಕೂತರೆ ಮೀನಿನ ಬೋಟುಗಳು ಬಂದರಿಗೆ ವಾಪಸಾಗುವುದು ಕಾಣುತ್ತದೆ."

ಕೊನೇ ವಾಕ್ಯ ನೋಡಿ. ಸರಳವಾಗಿ ಬರೀರಿ ಅಂದ್ರೆ ಎಷ್ಟೋ ಜನ ಒಣ ಒಣ ಬರೀಬೇಕು ಅಂತ ತಿಳ್ಕೊಳ್ತಾರೆ, ಅದನ್ನು ನಾನು ಒಪ್ಪುದೇ ಇಲ್ಲ. ಆ ಮನೆಯವರಿಗೆ ಬೋಟು ಕಾಣುದು ದಿನಾ ಇದ್ದದ್ದೇ, ಅದಕ್ಕೆ ಬರೆಯುವ ಅಂತ ಅನ್ಸಿರ್ಲಿಲ್ಲ, ಫೋನಲ್ಲಿ ಮಾತಾಡುವಾಗ ಬಾಯಿತಪ್ಪಿ ಹೇಳಿದ್ರು. "ಪ್ರಕೃತಿಯ ಮಡಿಲು" ಯಾವ ಊರಿನವರೂ ಬರೀಬಹುದು, ಜಗಲಿಯಿಂದ ಬೋಟು ಕಾಣುದು ಅವರ ಮನೆಗೆ ಮಾತ್ರ. ಬೆಂಗಳೂರಲ್ಲಿ ಕೂತು ರೂಮ್ ಹುಡುಕುವವರು ಆ ಒಂದು ಸಾಲಿಗೇ ಮನಸ್ಸು ಮಾಡ್ತಾರೆ ಅಂತ ನನ್ನ ನಂಬಿಕೆ. ನಿಮ್ಮ ಬೇಕರಿ ಇರ್ಲಿ, ಕ್ಲಿನಿಕ್ ಇರ್ಲಿ, ಟ್ಯೂಷನ್ ಇರ್ಲಿ, ಗಿರಾಕಿ ಹತ್ರ ಎದುರೆದುರು ಮಾತಾಡುವಾಗ ನೀವು ಎಂತ ಹೇಳ್ತೀರಿ ಅಂತ ನಿಮ್ಮ ಮನೆಯವರೊಬ್ಬರಿಗೆ ಕೇಳಿಸ್ಕೊಂಡು ಬರ್ಕೊಳ್ಲಿಕ್ಕೆ ಹೇಳಿ, ಅರ್ಧ ಪೇಜು ಅಲ್ಲೇ ರೆಡಿ.

ಟೈಮ್ ಆಗ್ತಾ ಬಂತು, ಬಾಕಿದ್ದನ್ನು ಬೇಗ ಬೇಗ ಹೇಳಿಬಿಡ್ತೇನೆ.

"ಇಲ್ಲಿ ಕ್ಲಿಕ್ ಮಾಡಿ" ಅಂತ ಲಿಂಕ್ ಹಾಕ್ಬೇಡಿ. ಕಣ್ಣು ಕಾಣದವರು ಸ್ಕ್ರೀನ್ ರೀಡರ್, ಅಂದ್ರೆ ಪೇಜನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಬಳಸ್ತಾರೆ, ಅದರಲ್ಲಿ ಪೇಜಿನ ಲಿಂಕುಗಳನ್ನು ಮಾತ್ರ ಒಂದು ಪಟ್ಟಿಯಾಗಿ ಕೇಳ್ಲಿಕ್ಕೆ ಆಗ್ತದೆ. ನಿಮ್ಮ ಪೇಜಿನ ಪಟ್ಟಿ ತೆಗೆದ್ರೆ ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ. ಯಾವುದು ಎಲ್ಲಿಗೆ ಅಂತ ಅವರು ತಿಳ್ಕೊಳ್ಳುದು ಹೇಗೆ? "ರೂಮಿನ ರೇಟು ನೋಡಿ" ಅಂತ ಹಾಕಿ, ಕಣ್ಣು ಕಾಣುವವರಿಗೂ ಅದೇ ಒಳ್ಳೇದು.

ರೇಟು, ಟೈಮಿಂಗ್, ಅಡ್ರೆಸ್ ಇದನ್ನೆಲ್ಲ ಚಂದದ ಪೋಸ್ಟರ್ ಮಾಡಿ ಫೋಟೋ ಆಗಿ ಮಾತ್ರ ಹಾಕುವವರು ತುಂಬ ಜನ ಉಂಟು. ಫೋಟೋದೊಳಗಿನ ಅಕ್ಷರವನ್ನು ಸ್ಕ್ರೀನ್ ರೀಡರ್ ಹಾಗೇ ಓದುದಿಲ್ಲ, ಗೂಗಲ್ ಸರ್ಚಲ್ಲಿ ಬರ್ತದೆ ಅಂತ ನಂಬ್ಲಿಕ್ಕೂ ಆಗುದಿಲ್ಲ, ಸಣ್ಣ ಫೋನಲ್ಲಿ ಬೆರಳಿಂದ ಎಳೆದು ಎಳೆದು ನೋಡ್ಬೇಕು. ಪೋಸ್ಟರ್ ಇರ್ಲಿ, ಅದರ ಕೆಳಗೆ ಅದನ್ನೇ ಟೈಪ್ ಮಾಡಿಯೂ ಹಾಕಿ. ಹಾಗೇ "ನುಡಿ", "ಬರಹ" ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟಲ್ಲಿ ಡಿಟಿಪಿಯವರು ಟೈಪ್ ಮಾಡಿದ್ದನ್ನು ಸೀದಾ ವೆಬ್‌ಸೈಟಿಗೆ ಪೇಸ್ಟ್ ಮಾಡಿದ್ರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರ್ತದೆ, ಮೊದಲು ಯೂನಿಕೋಡ್‌ಗೆ, ಅಂದ್ರೆ ಯಾವ ಫೋನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುವ ಅಕ್ಷರ ಪದ್ಧತಿಗೆ ಬದಲಾಯಿಸಿ. ಮತ್ತೆ ರೆಡಿಮೇಡ್ ಥೀಮುಗಳಲ್ಲಿ ಸಾಲಿನ ನಡುವಿನ ಜಾಗ ಇಂಗ್ಲಿಷಿಗೆ ಅಂತ ಇಟ್ಟದ್ದು. ನಮ್ಮ ಒತ್ತಕ್ಷರ ಕೆಳಗೆ ಇಳೀತದೆ, ಗುಡಿಸು ಮೇಲೆ ಹೋಗ್ತದೆ, ಎರಡು ಸಾಲು ಒಂದಕ್ಕೊಂದು ತಾಗ್ತದೆ. ಸೆಟ್ಟಿಂಗಲ್ಲಿ ಲೈನ್ ಹೈಟ್ 1.6, 1.7 ಹತ್ರ ಇಟ್ಟು ಫೋನಲ್ಲಿ ತೆಗೆದು ನೋಡಿ.

ಇನ್ನೊಂದೇ ಒಂದು. ಬದಲಾಗುವ ವಿಷಯ ಯಾವಾಗ ಉಂಟು, ಯಾವಾಗ ಇಲ್ಲ ಅಂತ ಬರೀರಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ಬೋಟ್ ಬಿಡುದಿಲ್ಲ, ನಮಗೆಲ್ಲ ಗೊತ್ತುಂಟು, ಜುಲೈಯಲ್ಲಿ ಹುಬ್ಬಳ್ಳಿಯಿಂದ ಮಕ್ಕಳನ್ನು ಕರ್ಕೊಂಡು ಬರುವವರಿಗೆ ಗೊತ್ತಿರುದಿಲ್ಲ. ಆ ಹೋಂಸ್ಟೇಯವರ ಪೇಜಲ್ಲಿ ಈಗ ಮೇಲೆಯೇ ಒಂದು ಸಾಲು ಹಾಕಿದ್ದಾರೆ: "ದ್ವೀಪದ ಬೋಟ್ ಮಳೆಗಾಲದಲ್ಲಿ ಇಲ್ಲ. ಹೊರಡುವ ಮೊದಲು ನಮಗೆ ಫೋನ್ ಮಾಡಿ ಕೇಳಿ." ಈ ಒಂದು ವಿಷಯಕ್ಕೆ ಫೋನ್ ಬಂದ್ರೆ ಅವರಿಗೆ ಖುಷಿಯೇ ಅಂತೆ. ಬರುವ ವಾರ ಸಿಗುವ.